ಚಾಪೆ ಕೆಳಗಲ್ಲ, ರಂಗೋಲಿ ಕೆಳಗೆ: ಡಾನ್ ಯೆಂಕೊ ಎಂಬ ಕಾರು ವ್ಯಾಪಾರಿಯ ಬದುಕು

ಟ್ಯಾಕ್ಸಿ ಕಂಪನಿಗೆ ತನ್ನದೇ ಬಣ್ಣದ ಕಾರುಗಳು ಬೇಕು. ಪೊಲೀಸ್ ಇಲಾಖೆಗೆ ಗಟ್ಟಿ ಸಸ್ಪೆನ್ಷನ್ ಇರುವ ಗಾಡಿಗಳು ಬೇಕು. ಇಂಥ ಬೇಡಿಕೆಗಳು ಶೋರೂಮಿನ ಮಾಮೂಲಿ ಆರ್ಡರ್ ಫಾರ್ಮಿನಲ್ಲಿ ಇರೋದಿಲ್ಲ. ಅದಕ್ಕೆಂದೇ ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಷೆವರ್ಲೆ ವಿಭಾಗದಲ್ಲಿ ಒಂದು ಬೇರೆ ಕಾಗದ ಇತ್ತು. ಅದರ ಹೆಸರು ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್. ಚಿಕ್ಕದಾಗಿ ಕೋಪೊ. ಗುಮಾಸ್ತರು ತುಂಬಿ, ಸಹಿ ಹಾಕಿಸಿ, ಕಾರ್ಖಾನೆಗೆ ಕಳಿಸುವ ಒಂದು ಸಪ್ಪೆ ಕಾಗದ ಅಷ್ಟೇ.

1969ರಲ್ಲಿ ಇದೇ ಕಾಗದದ ಮೇಲೆ, 9561 ಎಂಬ ಸಂಖ್ಯೆಯಡಿ, ಜಿಎಂ ಆಡಳಿತ ಮಂಡಳಿ ತಾನೇ ಬೇಡ ಅಂದಿದ್ದ ಎಂಜಿನ್ ಹೊತ್ತ ಕಾರುಗಳು ಜಿಎಂ ಕಾರ್ಖಾನೆಯಿಂದಲೇ ಹೊರಬಂದವು. ಅವುಗಳಲ್ಲಿ ಸುಮಾರು 200 ಕಾರುಗಳು ಹೋಗಿದ್ದು ಪೆನ್ಸಿಲ್ವೇನಿಯಾ ರಾಜ್ಯದ ಕ್ಯಾನನ್ಸ್‌ಬರ್ಗ್ ಎಂಬ ಪುಟ್ಟ ಊರಿನ ಒಂದು ಡೀಲರ್‌ಶಿಪ್‌ಗೆ. ಅದರ ಮಾಲೀಕ ಡಾನ್ ಯೆಂಕೊ.

'2 ಫಾಸ್ಟ್ 2 ಫ್ಯೂರಿಯಸ್' ಸಿನಿಮಾ ನೋಡಿದವರು ಈತನ ಹೆಸರಿನ ಕ್ಯಾಮರೊ ಕಾರನ್ನು ನೋಡಿರುತ್ತೀರಿ. ಕಾರಿನ ಹುಚ್ಚಿದ್ದವರಿಗೆ ಯೆಂಕೊ ಒಬ್ಬ ದಂತಕಥೆ. ನನಗೆ ಈತ ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ. ಈತ ಕಟ್ಟಿದ ಒಂದೊಂದು ಕಾರೂ ಒಂದೊಂದು ನಿಯಮಕ್ಕೆ ಕೊಟ್ಟ ಉತ್ತರ. ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನುವ ಜಾಯಮಾನ. ನಿಯಮಗಳು ಎಲ್ಲಿ ಸೋರುತ್ತವೆ, ಸೋರಿದ್ದರ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ತಿಳಿಯಬೇಕಾದರೆ ಈ ಬದುಕನ್ನು ಒಮ್ಮೆ ನೋಡಬೇಕು.

ಅಪ್ಪನ ಅಂಗಡಿ, ಮಗನ ಗ್ಯಾರೇಜು

ಡಾನ್ ಹುಟ್ಟಿದ್ದು 1927ರಲ್ಲಿ. ಪಿಟ್ಸ್‌ಬರ್ಗ್ ನಗರದ ದಕ್ಷಿಣಕ್ಕಿರುವ ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆ ಅದು. ಅಪ್ಪ ಫ್ರ್ಯಾಂಕ್ ಯೆಂಕೊ 1934ರಲ್ಲಿ, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, ಬೆಂಟ್ಲೀವಿಲ್ ಎಂಬಲ್ಲಿ ಷೆವರ್ಲೆ ಕಾರಿನ ವ್ಯಾಪಾರ ಶುರು ಮಾಡಿದ. 1949ರಲ್ಲಿ ಕ್ಯಾನನ್ಸ್‌ಬರ್ಗ್‌ನಲ್ಲಿ ಎರಡನೇ ಅಂಗಡಿ ತೆರೆದ. ಗಣಿ ಕೆಲಸಗಾರರು, ಕಾರ್ಖಾನೆಯ ಸಂಬಳದವರು, ಸಣ್ಣ ವ್ಯಾಪಾರಿಗಳು ಬಂದು ಸೆಡಾನು, ಟ್ರಕ್ಕು ಕೊಳ್ಳುವ ಜಾಗ.

ಮಗ ಹದಿಹರೆಯದಲ್ಲೇ ವಿಮಾನ ಹಾರಿಸುವುದನ್ನು ಕಲಿತ. ವಾಯುಪಡೆಯಲ್ಲಿ ಕೆಲಸ ಮಾಡಿದ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ ಊರಿಗೆ ವಾಪಸ್ ಬಂದು ಅಪ್ಪನ ವ್ಯಾಪಾರಕ್ಕೆ ಕೈ ಜೋಡಿಸಿದ. ಆದರೆ ಅವನಿಗೆ ಕಾರು ಮಾರುವುದಕ್ಕಿಂತ ಓಡಿಸುವ ಹುಚ್ಚು ಜಾಸ್ತಿ. 1957ರ ಹೊತ್ತಿಗೆ ಕಾರ್ವೆಟ್ ಹತ್ತಿ ರೇಸ್ ಟ್ರ್ಯಾಕಿಗೆ ಇಳಿದ. ಪಿಟ್ಸ್‌ಬರ್ಗ್‌ನಲ್ಲೇ ಕೇಂದ್ರ ಕಚೇರಿ ಇದ್ದ ಗಲ್ಫ್ ಆಯಿಲ್ ಕಂಪನಿಯ ದುಡ್ಡಿನಲ್ಲಿ ಸಿದ್ಧವಾದ ಕಾರ್ವೆಟ್‌ಗಳನ್ನು ಓಡಿಸಿದ. ಎಸ್‌ಸಿಸಿಎ, ಅಂದರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ನಡೆಸುವ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳನ್ನು ಗೆದ್ದ. ಟ್ರ್ಯಾಕಿನಲ್ಲಿ ಕಲಿತದ್ದನ್ನು ತಂದು ಅಂಗಡಿಯ ಹಿಂಬದಿಯ ಗ್ಯಾರೇಜಿನಲ್ಲಿ ಗಿರಾಕಿಗಳ ಕಾರಿಗೆ ಹಾಕತೊಡಗಿದ. ಅಪ್ಪನ ಷೆವರ್ಲೆ ಅಂಗಡಿ ನಿಧಾನಕ್ಕೆ ವೇಗದ ಅಂಗಡಿಯಾಯಿತು.

ಇಲ್ಲೇ ಮೊದಲ ನಿಯಮ ಎದುರಾಗುತ್ತದೆ. 1957ರಲ್ಲಿ ಅಮೆರಿಕದ ಕಾರು ತಯಾರಕರ ಸಂಘ, ರೇಸಿಂಗ್‌ಗೆ ಬೆಂಬಲ ಕೊಡೋದಿಲ್ಲ ಅಂತ ಠರಾವು ಪಾಸು ಮಾಡಿತು. 1963ರ ಜನವರಿಯಲ್ಲಿ ಜಿಎಂ ತನ್ನ ಎಲ್ಲ ವಿಭಾಗಗಳಿಗೂ ರೇಸಿಂಗ್‌ನಿಂದ ದೂರ ಇರಿ ಎಂದು ಕಟ್ಟಪ್ಪಣೆ ಮಾಡಿತು. ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಸುಮಾರು ಅರ್ಧ ಜಿಎಂನದ್ದೇ ಆಗಿದ್ದ ಕಾಲ. ಇನ್ನೂ ಬೆಳೆದರೆ ಸರ್ಕಾರ ಏಕಸ್ವಾಮ್ಯ ವಿರೋಧಿ ಕಾನೂನು ಹಿಡಿದು ಕಂಪನಿಯನ್ನು ಒಡೆದೀತು ಎಂಬ ಭಯ ಇತ್ತು. ಹಾಗಾಗಿ ಕೈ ತೊಳೆದುಕೊಂಡ ಹಾಗೆ ಕಾಣಬೇಕಿತ್ತು. ಆದರೆ ಭಾನುವಾರ ರೇಸ್ ಗೆದ್ದ ಕಾರು ಸೋಮವಾರ ಮಾರಾಟವಾಗುತ್ತದೆ ಅನ್ನೋದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. ಕಂಪನಿ ಮಾಡಬಾರದು ಅಂದಿದ್ದನ್ನು ಡೀಲರ್ ಮಾಡಿದರೆ? ಡೀಲರ್ ಸ್ವತಂತ್ರ ವ್ಯಾಪಾರಿ ಅಲ್ವಾ! ಯೆಂಕೊನಂಥವರಿಗೆ ಜಾಗ ಸಿಕ್ಕಿದ್ದು ಈ ಸಂದಿಯಲ್ಲಿ.

ಹಿಂದಿನ ಸೀಟು ಕಿತ್ತ ನೂರು ಕಾರು

1965ರಲ್ಲಿ ಕ್ಯಾರಲ್ ಶೆಲ್ಬಿ ಎಂಬ ಟೆಕ್ಸಸ್‌ನವ ಫೋರ್ಡ್ ಮಸ್ಟ್ಯಾಂಗ್ ಅನ್ನು ಜಿಟಿ350 ಆಗಿ ಮಾರ್ಪಡಿಸಿ ಟ್ರ್ಯಾಕಿಗೆ ಬಿಟ್ಟ. ಯೆಂಕೊನ ಭಾರದ ಕಾರ್ವೆಟ್‌ಗೆ ಅದನ್ನು ಹಿಡಿಯಲು ಆಗಲಿಲ್ಲ. ಹಗುರವಾದ ಬೇರೆ ಕಾರು ಬೇಕಿತ್ತು. ಅವನು ಆರಿಸಿದ್ದು ಷೆವರ್ಲೆ ಕಾರ್ವೇರ್: ಎಂಜಿನ್ ಹಿಂದೆ, ತಂಪು ಮಾಡಲು ನೀರಿಲ್ಲ, ಗಾಳಿಯೇ ಗತಿ.

ತೊಡಕು ಏನಂದರೆ ಎಸ್‌ಸಿಸಿಎ ಲೆಕ್ಕದಲ್ಲಿ ಕಾರ್ವೇರ್ ಸ್ಪೋರ್ಟ್ಸ್ ಕಾರೇ ಅಲ್ಲ, ಅದಕ್ಕೆ ಹಿಂದಿನ ಸೀಟಿದೆ. ಜೊತೆಗೆ, ರೇಸಿಗೆ ಒಪ್ಪಬೇಕಾದರೆ ಅಂಥ 100 ಕಾರು ನಿಜಕ್ಕೂ ತಯಾರಾಗಿರಬೇಕು. ಯೆಂಕೊ ನೂರು ಬಿಳಿ ಕಾರ್ವೇರ್ ತರಿಸಿದ, ಹಿಂದಿನ ಸೀಟು ಕಿತ್ತು ಹಾಕಿದ, ನೀಲಿ ಪಟ್ಟೆ ಬಳಿದ. ಕಂಪನಿ ಕೊಟ್ಟಿದ್ದ 140 ಅಶ್ವಶಕ್ತಿಯನ್ನು ಮೊದಲ ಹಂತದಲ್ಲೇ 160ಕ್ಕೆ ಏರಿಸಿದ. ಮೇಲಿನ ಹಂತಗಳಲ್ಲಿ ಅದು 200 ದಾಟಿತು. ಒಂದೇ ತಿಂಗಳ ಆಸುಪಾಸಿನಲ್ಲಿ ನೂರೂ ಕಾರು ಸಿದ್ಧ. ಹೆಸರು ಯೆಂಕೊ ಸ್ಟಿಂಗರ್. 1967ರಲ್ಲಿ ಜೆರ್ರಿ ಥಾಂಪ್ಸನ್ ಎಂಬ ಚಾಲಕ ಸ್ಟಿಂಗರ್ ಓಡಿಸಿ ಡಿ-ಪ್ರೊಡಕ್ಷನ್ ವರ್ಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದ.

ಈಗ ತಾರೀಖು ಗಮನಿಸಿ. ಈ ನೂರು ಕಾರ್ವೇರ್‌ಗಳು ಸಿದ್ಧವಾಗುತ್ತಿದ್ದದ್ದು 1965ರ ಕೊನೆಯ ವಾರಗಳಲ್ಲಿ. ಅದೇ ನವೆಂಬರ್‌ನಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲನ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಬಂತು. ಅದರ ಮೊದಲ ಅಧ್ಯಾಯವೇ ಕಾರ್ವೇರ್ ಮೇಲೆ. 1960ರಿಂದ 63ರವರೆಗಿನ ಕಾರ್ವೇರ್‌ನ ಹಿಂಬದಿ ಸಸ್ಪೆನ್ಷನ್ ವಿನ್ಯಾಸ, ತಿರುವಿನಲ್ಲಿ ಚಾಲಕನ ಹಿಡಿತ ತಪ್ಪಿಸುತ್ತದೆ ಎಂಬುದು ವಾದ. ಕಂಪನಿ ಅದಕ್ಕೆ ಉತ್ತರಿಸುವ ಬದಲು ನೇಡರ್ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅದು ಬಯಲಾಗಿ, 1966ರ ಮಾರ್ಚ್‌ನಲ್ಲಿ ಜಿಎಂ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಉಪಸಮಿತಿಯ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಹನ ಸುರಕ್ಷತೆಯ ಮೊದಲ ದೊಡ್ಡ ಕೇಂದ್ರ ಕಾನೂನು ಬಂತು. ನೇಡರ್ ಹೂಡಿದ ಮೊಕದ್ದಮೆಯನ್ನು ಜಿಎಂ 1970ರಲ್ಲಿ 4,25,000 ಡಾಲರ್ ಕೊಟ್ಟು ಮುಗಿಸಿಕೊಂಡಿತು.

ಎಂಜಿನಿಯರಿಂಗ್ ಕಣ್ಣಿಂದ ನೋಡಿದರೆ ಇಲ್ಲೊಂದು ವಿಚಿತ್ರ ಇದೆ. ಯೆಂಕೊ ತರಿಸಿದ ಕಾರುಗಳಲ್ಲಿ ಆ ಹಳೆಯ ಸಸ್ಪೆನ್ಷನ್ ಇರಲೇ ಇಲ್ಲ. 1965ರ ಮಾದರಿಯಲ್ಲೇ ಕಂಪನಿ ಅದನ್ನು ಬದಲಿಸಿತ್ತು. 1972ರಲ್ಲಿ ಬಂದ ಸರ್ಕಾರಿ ಪರೀಕ್ಷಾ ವರದಿ, ಹಳೆಯ ಕಾರ್ವೇರ್ ಕೂಡ ಆ ಕಾಲದ ಇತರ ಕಾರುಗಳಿಗಿಂತ ಕಡೆಯೇನಲ್ಲ ಅಂದಿತು. ಆದರೆ ಅಷ್ಟರಲ್ಲಿ ಕಾರ್ವೇರ್ ಉತ್ಪಾದನೆ ನಿಂತು 3 ವರ್ಷ ಆಗಿತ್ತು. ಹಾಗಂತ ನೇಡರ್ ಎತ್ತಿದ ಪ್ರಶ್ನೆ ಸುಳ್ಳಾಗಲಿಲ್ಲ. ಕಾರು ಎಷ್ಟು ಸುರಕ್ಷಿತವಾಗಿರಬೇಕು ಎಂಬುದನ್ನು ಕಾರು ಮಾರುವವರೇ ತೀರ್ಮಾನಿಸಬೇಕಾ ಅನ್ನುವುದು ಆ ಪ್ರಶ್ನೆ. ಯೆಂಕೊನ ಮುಂದಿನ ಬದುಕೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿತು.

400ರ ಗೆರೆ, 427ರ ಎಂಜಿನ್

ಜಿಎಂ ಒಳಗೆ ಇನ್ನೊಂದು ನಿಯಮ ಇತ್ತು. ಮಧ್ಯಮ ಮತ್ತು ಸಣ್ಣ ಗಾತ್ರದ ಕಾರುಗಳಿಗೆ ಇಂತಿಷ್ಟು ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ. ಮೊದಲು ಮಿತಿ 330 ಇತ್ತು. 1964ರಲ್ಲಿ ಜಾನ್ ಡಿಲೋರಿಯನ್ ಮತ್ತವನ ಪಾಂಟಿಯಾಕ್ ತಂಡ 389 ಎಂಜಿನ್ ಅನ್ನು ಹೊಸ ಮಾದರಿ ಅಂತ ಕರೆಯದೆ, ಹಳೆ ಟೆಂಪೆಸ್ಟ್ ಕಾರಿನ ಒಂದು ಆಯ್ಕೆ ಪ್ಯಾಕೇಜ್ ಅಂತ ಕರೆದು ದಾಟಿಸಿತು. ಆ ಪ್ಯಾಕೇಜ್ ಹೆಸರು ಜಿಟಿಒ. ಮಸಲ್ ಕಾರ್ ಯುಗ ಶುರುವಾಗಿದ್ದೇ ಹೀಗೆ, ಒಂದು ಪದದ ಆಟದಿಂದ. ಆಮೇಲೆ ಮಿತಿ 400ಕ್ಕೆ ಏರಿತು. ಕಾರ್ವೆಟ್‌ಗೆ ಮಾತ್ರ ವಿನಾಯಿತಿ.

ಹಾಗಾಗಿ 1967ರಲ್ಲಿ ಕ್ಯಾಮರೊ ಬಂದಾಗ ಅದಕ್ಕೆ ಸಿಕ್ಕ ಅತಿ ದೊಡ್ಡ ಎಂಜಿನ್ 396. ಕಾರ್ವೆಟ್‌ಗೆ 427, ಅಂದರೆ 7 ಲೀಟರ್. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳ ಎಂಜಿನ್ ಸಾಮಾನ್ಯವಾಗಿ 1.2 ಲೀಟರ್, ಅಳತೆ ಅದರಿಂದ ಅಂದಾಜು ಮಾಡಿಕೊಳ್ಳಿ. 396, 427 ಎರಡೂ ಒಂದೇ ಕುಟುಂಬದ ಎಂಜಿನ್‌ಗಳು. ಹೊರಗಿನ ಅಳತೆ ಒಂದೇ, ಬೋಲ್ಟ್ ಕೂರುವ ಜಾಗ ಒಂದೇ, ಒಳಗಿನ ಸಿಲಿಂಡರ್ ಅಗಲ ಮಾತ್ರ ಬೇರೆ. ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿದರೆ ಸರಿಯಾಗಿ ಕೂರುತ್ತದೆ. ಕ್ಯಾನನ್ಸ್‌ಬರ್ಗ್ ಗ್ಯಾರೇಜಿನಲ್ಲಿ ಆಗಿದ್ದೂ ಅದೇ. ಕಾರ್ಖಾನೆಯಿಂದ ಬಂದ ಹೊಚ್ಚ ಹೊಸ ಕ್ಯಾಮರೊದ ಎಂಜಿನ್ ಬಿಚ್ಚಿ, 427 ಕೂರಿಸಿ, ಯೆಂಕೊ ಸೂಪರ್ ಕಾರ್ ಅಂತ ಮಾರಿದರು. ಮೊದಲ ವರ್ಷ ಐವತ್ತು ಚಿಲ್ಲರೆ ಕಾರು ಅಷ್ಟೇ. ಮುಂದಿನ ವರ್ಷವೂ ಬೇಡಿಕೆ ನಿಲ್ಲಲಿಲ್ಲ. ಬೇರೆ ಊರಿನ ಷೆವರ್ಲೆ ಡೀಲರ್‌ಗಳೂ ಯೆಂಕೊ ಹೆಸರಿನ ಕಾರು ತರಿಸಿ ಮಾರತೊಡಗಿದರು.

ಈ ನಡುವೆ ಅವನು ಟ್ರ್ಯಾಕ್ ಬಿಟ್ಟಿರಲಿಲ್ಲ. 1967ರ ಸೆಬ್ರಿಂಗ್ 12 ಗಂಟೆ ಓಟದಲ್ಲಿ ತನ್ನ ವರ್ಗದಲ್ಲಿ ಗೆದ್ದ ಕಾರ್ವೆಟ್‌ನ ಇಬ್ಬರು ಚಾಲಕರಲ್ಲಿ ಯೆಂಕೊ ಒಬ್ಬ.

ಬಾಗಿಲು ತೆರೆದಿದ್ದು ಒಳಗಿನಿಂದ

ಆದರೆ ಕೈಯಾರೆ ಎಂಜಿನ್ ಬದಲಿಸುವುದು ದುಬಾರಿ, ನಿಧಾನ. ಗ್ಯಾರಂಟಿ ತಕರಾರು ಬೇರೆ. ಕಾರ್ಖಾನೆಯೇ 427 ಹಾಕಿಕೊಟ್ಟರೆ ಎಲ್ಲ ಸುಲಭ. ಕೊಡಬಾರದು ಅನ್ನುವ ನಿಯಮ ಇದೆಯಲ್ಲ?

ಇಲ್ಲಿ ಬರುತ್ತದೆ ಮೊದಲು ಹೇಳಿದ ಆ ಸಪ್ಪೆ ಕಾಗದ. ಷೆವರ್ಲೆಯಲ್ಲಿ ವಿನ್ಸ್ ಪಿಗಿನ್ಸ್ ಎಂಬ ಎಂಜಿನಿಯರ್ ಇದ್ದ. ಕಂಪನಿ ರೇಸಿಂಗ್ ಬಿಟ್ಟಿದ್ದೇವೆ ಅಂತ ಹೊರಗೆ ಹೇಳುತ್ತಿದ್ದ ಕಾಲದಲ್ಲಿ ಒಳಗಿದ್ದು ರೇಸಿಂಗ್ ಜನರಿಗೆ ನೆರವಾಗುತ್ತಿದ್ದವರಲ್ಲಿ ಪ್ರಮುಖ. ಎಂಜಿನ್ ಮಿತಿಯ ನಿಯಮ ಅನ್ವಯಿಸುತ್ತಿದ್ದದ್ದು ಮಾಮೂಲಿ ಮಾರಾಟದ ಮಾದರಿಗಳಿಗೆ. ಟ್ಯಾಕ್ಸಿ, ಪೊಲೀಸ್ ಗಾಡಿಗಳ ವಿಶೇಷ ಆರ್ಡರ್‌ಗಳು ಆಡಳಿತ ಮಂಡಳಿಯ ಮೇಜಿಗೆ ಹೋಗುತ್ತಲೇ ಇರಲಿಲ್ಲ. ಅದೇ ದಾರಿಯಲ್ಲಿ ಕಾರ್ಖಾನೆಯಲ್ಲೇ 427 ಕೂರಿಸಿದ 1969ರ ಕ್ಯಾಮರೊಗಳು ಬಂದವು. ಕಾಗದದಲ್ಲಿ 425 ಅಶ್ವಶಕ್ತಿ. ಯೆಂಕೊ ಜಾಹೀರಾತಿನಲ್ಲಿ 450. ಸುಮಾರು 4,000 ಡಾಲರ್ ಕೊಟ್ಟರೆ ಯಾರು ಬೇಕಾದರೂ ಓಡಿಸಿಕೊಂಡು ಹೋಗಬಹುದು. ಡ್ರ್ಯಾಗ್ ರೇಸ್ ಟೈರ್ ಹಾಕಿದರೆ ಕಾಲು ಮೈಲಿಗೆ 12 ಸೆಕೆಂಡಿನ ಆಸುಪಾಸು.

ಯೆಂಕೊಗೆ ಸಿಕ್ಕಿದ ದಾರಿಯಲ್ಲಿ ಉಳಿದವರೂ ಬಂದರು. ಆ ವರ್ಷ ಒಟ್ಟು ಸುಮಾರು ಸಾವಿರ ಇಂಥ ಕ್ಯಾಮರೊ ತಯಾರಾದವು. ಇಲಿನಾಯ್ ರಾಜ್ಯದ ಫ್ರೆಡ್ ಗಿಬ್ ಎಂಬ ಡೀಲರ್ ಇನ್ನೂ ಮುಂದೆ ಹೋಗಿ, ಅಲ್ಯುಮಿನಿಯಂ ಎಂಜಿನ್ ಇರುವ ಝಡ್‌ಎಲ್1 ಕ್ಯಾಮರೊ 50 ಬೇಕು ಅಂದ. ಎಂಜಿನ್ ಒಂದಕ್ಕೇ 4,000 ಡಾಲರ್ ದಾಟಿ, ಕಾರಿನ ಬೆಲೆ 7,200 ಡಾಲರ್ ಮೀರಿತು. ಮಾರಲಾಗದೆ ಬಹುಪಾಲು ಕಾರನ್ನು ಕಂಪನಿಗೇ ವಾಪಸ್ ಕಳಿಸಬೇಕಾಯಿತು. ಒಟ್ಟು ತಯಾರಾಗಿದ್ದು 69.

ಯೆಂಕೊ ಜಾಣ ಅಂತ ಹೊಗಳುವವರು ಸಾಮಾನ್ಯವಾಗಿ ಒಂದು ಮಾತು ಬಿಟ್ಟುಬಿಡುತ್ತಾರೆ. ಈ ಗೋಡೆಯನ್ನು ಅವನು ಹಾರಲಿಲ್ಲ, ಕನ್ನ ಕೊರೆಯಲಿಲ್ಲ. ಗೋಡೆ ಕಟ್ಟಿದವರ ಮನೆಯವರೇ ಹಿಂಬಾಗಿಲು ತೆಗೆದು ಕರೆದರು. ಸರ್ಕಾರಕ್ಕೆ, ಪತ್ರಿಕೆಗಳಿಗೆ ತೋರಿಸಲು ಮುಂಬಾಗಿಲಲ್ಲಿ ನಿಯಮದ ಬೋರ್ಡು. ವೇಗ ಕೇಳುವ ಗಿರಾಕಿಗೆ ಹಿಂಬಾಗಿಲು. ಏನಾದರೂ ಅನಾಹುತ ಆದರೆ ಬೋರ್ಡು ತೋರಿಸಬಹುದು, ಕಾರಿನ ಮೇಲಿರುವ ಹೆಸರು ಹೇಗೂ ಡೀಲರ್‌ದು.

ಬಿಲ್ ಕಟ್ಟಿದವರು

ಆ ವರ್ಷಗಳಲ್ಲಿ ಅಮೆರಿಕದ ರಸ್ತೆಗಳಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಅದಕ್ಕೆಲ್ಲ ಮಸಲ್ ಕಾರುಗಳೇ ಕಾರಣ ಅಂದರೆ ಸುಳ್ಳಾಗುತ್ತದೆ; ಯೆಂಕೊ ಮಾರಿದ್ದು ಕೆಲವೇ ನೂರು ಕಾರು. ಆದರೆ ವೇಗವನ್ನು ಇಪ್ಪತ್ತರ ಹರೆಯದವರಿಗೆ ಮಾರುವುದು ಆ ಕಾಲದ ಇಡೀ ಉದ್ಯಮದ ದಂಧೆಯಾಗಿತ್ತು. ಎಂಜಿನ್ ಬೆಳೆದ ವೇಗದಲ್ಲಿ ಟೈರು, ಬ್ರೇಕು ಬೆಳೆದಿರಲಿಲ್ಲ.

1969ರಲ್ಲಿ ಯೆಂಕೊ ಅದೇ 427 ಅನ್ನು ಇನ್ನೂ ಸಣ್ಣದಾದ ನೋವಾ ಕಾರಿಗೂ ಹಾಕಿದ. ಮೂವತ್ತೇಳರ ಆಸುಪಾಸು ಕಾರು ತಯಾರಾದವು. ಅದು ಅಪಾಯದ ಅಂಚಿನಲ್ಲಿದ್ದ ಕಾರು ಅಂತ ಆಮೇಲೆ ಅವನೇ ಒಪ್ಪಿಕೊಂಡ. ರೇಸ್ ಓಡಿಸಿ ಗೊತ್ತಿದ್ದ ಮನುಷ್ಯ. ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಮಾರಿದ. ಇದನ್ನು ಬಿಟ್ಟು ಅವನ ಕಥೆ ಹೇಳಿದರೆ ಅದು ಬರೀ ಅಭಿಮಾನಿ ಸಂಘದ ಭಾಷಣ ಆಗುತ್ತದೆ.

ಮೊದಲು ಎಚ್ಚೆತ್ತದ್ದು ವಿಮಾ ಕಂಪನಿಗಳು. ಅವರಿಗೆ ನೈತಿಕತೆಯ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ಕಾರಿನ ತೂಕಕ್ಕೆ ಎಷ್ಟು ಅಶ್ವಶಕ್ತಿ ಅಂತ ನೋಡಿ, ಹುಡುಗರಿಗೆ ಪ್ರೀಮಿಯಂ ಏರಿಸುತ್ತಾ ಹೋದರು. ಯೆಂಕೊ ಉತ್ತರ ಸಿದ್ಧವಿತ್ತು. 1970ಕ್ಕೆ ಜಿಎಂ 400ರ ಮಿತಿಯನ್ನೇ ತೆಗೆದುಹಾಕಿದಾಗ ಎಲ್ಲರೂ ದೊಡ್ಡ ಎಂಜಿನ್ ಕಡೆ ಓಡಿದರೆ, ಇವನು ಚಿಕ್ಕದಕ್ಕೆ ಬಂದ. ನೋವಾಗೆ 350 ಎಂಜಿನ್ ಹಾಕಿಸಿ ಡ್ಯೂಸ್ ಅಂತ ಹೆಸರಿಟ್ಟ. ವಿಮೆಯವರ ಕಾಗದದಲ್ಲಿ ಅದು ಮನೆಮಂದಿ ಓಡಿಸುವ ಸಾಧಾರಣ 350 ನೋವಾ. ಒಳಗಿದ್ದದ್ದು 360 ಅಶ್ವಶಕ್ತಿಯ ಎಲ್‌ಟಿ-1. ಇದು ಕೂಡ ಕೋಪೊ ಕಾಗದದ ಕೂಸೇ. ಸುಮಾರು 175 ಕಾರು ಹೀಗೆ ಹೋದವು.

50,000 ಮೈಲಿ ಓಡಿಸಿ ತೋರಿಸು

ಮೂರನೇ ಸಲ ಎದುರಾದದ್ದು ಬೇರೆ ಥರದ ನಿಯಮ. 1970ರ ಕೊನೆಯಲ್ಲಿ ಶುದ್ಧ ಗಾಳಿ ಕಾಯ್ದೆ ಹೊಸ ಹಲ್ಲು ಪಡೆಯಿತು, ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹುಟ್ಟಿತು. ಸೀಸವಿಲ್ಲದ ಪೆಟ್ರೋಲಿಗೆ ಹೊಂದಿಸಲು 1971ರ ಮಾದರಿಗಳಲ್ಲಿ ಜಿಎಂ ತನ್ನ ಎಂಜಿನ್‌ಗಳ ಕಂಪ್ರೆಷನ್ ಇಳಿಸಿತು. ಹಳೆಯ ಆಟ ಮುಗಿಯುತ್ತಾ ಬಂತು.

ಯೆಂಕೊ ಈಗ ಷೆವರ್ಲೆ ವೇಗಾ ಎಂಬ ಸಣ್ಣ ಕಾರಿಗೆ ಟರ್ಬೊ ಹಾಕಿ ಮಾರುವ ಯೋಜನೆ ಹಾಕಿದ. ಸಣ್ಣ ಎಂಜಿನ್‌ಗೆ ಟರ್ಬೊ ಅನ್ನುವುದು ಇವತ್ತು ಮಾಮೂಲಿ. 1971ರಲ್ಲಿ ಅದು ಮುಂದಾಲೋಚನೆ. ಆದರೆ ಎಂಜಿನ್ ಬದಲಿಸಿದರೆ 50,000 ಮೈಲಿ ಓಡಿಸಿ, ಹೊಗೆ ಎಷ್ಟು ಬರುತ್ತದೆ ಅಂತ ತೋರಿಸಬೇಕಿತ್ತು. ಸಣ್ಣ ಊರಿನ ಡೀಲರ್‌ಗೆ ಆಗುವ ಖರ್ಚಲ್ಲ. ಕಡೆಗೆ ಅವನು ಕಾರನ್ನು ಟರ್ಬೊ ಇಲ್ಲದೆ, ಟರ್ಬೊ ಕಿಟ್ಟನ್ನು ಬೇರೆಯಾಗಿ ಮಾರಿದ. ಅಲ್ಲೂ ರಂಗೋಲಿ! ಆದರೆ ಈ ಸಲ ತೂರಿದ್ದು ಕಷ್ಟದಲ್ಲಿ, ವ್ಯಾಪಾರ ಹೇಳಿಕೊಳ್ಳುವಂತೆ ಆಗಲಿಲ್ಲ.

ಈ ಮೂರು ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜಿಎಂ ನಿಯಮ ಕಾಗದದ ಮೇಲಿನ ಒಂದು ಸಂಖ್ಯೆ, ಇನ್ನೊಂದು ಕಾಗದ ಅದನ್ನು ದಾಟಿಸಿತು. ವಿಮಾ ಕಂಪನಿ ನೋಡಿದ್ದೂ ಕಾಗದವನ್ನೇ. ಇಪಿಎ ಮಾತ್ರ ಹೊರಬರುವ ಹೊಗೆಯನ್ನು ಅಳೆಯುತ್ತೇನೆ ಅಂದಿತು. ಅಳೆಯುವವರು ಮಾರುವವರ ಮನೆಯವರಾಗಿರಲಿಲ್ಲ. ಹಾಗಂತ ಅಳತೆಯೂ ಸರ್ವರೋಗಕ್ಕೆ ಮದ್ದಲ್ಲ. ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಅನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಹಾಕಿತ್ತು ಅಂತ 2015ರಲ್ಲಿ ಬಯಲಾಯಿತು. ಇನ್ನೊಂದು ಕಹಿ ಸತ್ಯವೂ ಇದೆ. ಕಟ್ಟುನಿಟ್ಟಿನ ಪರೀಕ್ಷೆಯ ಖರ್ಚು ದೊಡ್ಡ ಕಂಪನಿಗೆ ಹೊರೆ, ಸಣ್ಣ ವ್ಯಾಪಾರಿಗೆ ಬೀಗ. ಹಿಂಬಾಗಿಲು ತೆರೆದಿದ್ದ ಜಿಎಂ ಹೊಸ ನಿಯಮಕ್ಕೆ ಹೊಂದಿಕೊಂಡಿತು. ಆ ಬಾಗಿಲಲ್ಲಿ ಓಡಾಡಿದವನ ಅಂಗಡಿ ಮಂಕಾಯಿತು.

ಕೊನೆಯ ಹಾರಾಟ

1981ರಲ್ಲಿ ಯೆಂಕೊ ಇನ್ನೊಂದು ಪ್ರಯತ್ನ ಮಾಡಿದ: ಟರ್ಬೊ ಝಡ್ ಎಂಬ ಕ್ಯಾಮರೊ. ಇನ್ನೂರು ಕಾರಿನ ಆಸೆ ಇತ್ತು, ಆಗಿದ್ದು 19. ಮರುವರ್ಷ ಅಪ್ಪನ ಕಾಲದ ವ್ಯಾಪಾರವನ್ನು ಮಾರಿದ. 1987ರ ಮಾರ್ಚ್‌ನಲ್ಲಿ, ವೆಸ್ಟ್ ವರ್ಜೀನಿಯಾದ ಚಾರ್ಲ್‌ಸ್ಟನ್‌ನಲ್ಲಿ, ತಾನೇ ಹಾರಿಸುತ್ತಿದ್ದ ಸಣ್ಣ ಸೆಸ್ನಾ ವಿಮಾನ ಅಪಘಾತಕ್ಕೀಡಾಗಿ ಸತ್ತ. ಜೊತೆಗಿದ್ದ ಮೂವರು ಪ್ರಯಾಣಿಕರೂ ಉಳಿಯಲಿಲ್ಲ. ಅವನಿಗಾಗ 59 ವರ್ಷ.

ಅವನು 4,000 ಡಾಲರಿಗೆ ಮಾರಿದ ಕಾರುಗಳು ಈಗ ಹರಾಜಿನಲ್ಲಿ ಲಕ್ಷಾಂತರ ಡಾಲರಿಗೆ ಹೋಗುತ್ತವೆ. ಇಪ್ಪತ್ತರ ಹರೆಯದ ಕಾರ್ಮಿಕನ ಕೈಗೆಟುಕುತ್ತಿದ್ದ ಗಾಡಿ ಕೋಟ್ಯಧಿಪತಿಗಳ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿದೆ.

ಕೋಪೊ ಏನಾಯಿತು? 2012ರಲ್ಲಿ ಷೆವರ್ಲೆ ಡ್ರ್ಯಾಗ್ ರೇಸಿಗೆಂದೇ ಒಂದು ಹೊಸ ಕ್ಯಾಮರೊ ತಯಾರಿಸಿ ಮಾರಾಟಕ್ಕಿಟ್ಟಿತು. ಹೆಸರು ಕೋಪೊ ಕ್ಯಾಮರೊ. ತಯಾರಿಸಿದ್ದು ಲೆಕ್ಕ ಹಾಕಿ 69 ಕಾರು, ಆ ಹಳೆಯ ಝಡ್‌ಎಲ್1ಗಳ ನೆನಪಿಗೆ. ತನ್ನ ನಿಯಮವನ್ನು ತಾನೇ ಮುರಿಯಲು ಬಳಸಿದ ಕಾಗದದ ಹೆಸರನ್ನು ಕಂಪನಿ ಪರಂಪರೆ ಅಂತ ಮಾರುಕಟ್ಟೆಗೆ ಬಿಟ್ಟಿತು. ಕಂಪನಿಗಳು ಸ್ವಯಂ ನಿಯಂತ್ರಣದ ಮಾತಾಡುವಾಗ, ನಮಗೆ ಕಾನೂನು ಯಾಕೆ, ನಾವೇ ಮಿತಿ ಹಾಕಿಕೊಳ್ತೀವಿ ಅಂತ ಭರವಸೆ ಕೊಡುವಾಗ, ನಾವು ಕೇಳಬೇಕಾದ್ದು ಇಷ್ಟೇ: ಅದಕ್ಕೆ ವಿಶೇಷ ಆರ್ಡರ್ ಫಾರ್ಮು ಇದೆಯಾ, ಅದನ್ನು ತುಂಬುವವರು ಯಾರು?